ಬಿ. ಎಂ. ಶ್ರೀಕಂಠಯ್ಯ

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ (ಜನವರಿ ೩, ೧೮೮೪ – ಜನವರಿ ೫, ೧೯೪೬) ಇಂಗ್ಲಿಷ್ ಪ್ರಾಧ್ಯಾಪಕರು, ಕವಿ, ನಾಟಕಕಾರರು ಮತ್ತು ನವೋದಯ ಕನ್ನಡ ಸಾಹಿತ್ಯದ ಪ್ರವರ್ತಕರಲ್ಲಿ ಪ್ರಮುಖರು. 'ಶ್ರೀ' ಇವರ ಕಾವ್ಯನಾಮ. 'ಕನ್ನಡದ ಕಣ್ವ' ಎಂದೂ ಇವರನ್ನು ಕರೆಯುವುದುಂಟು.

ಬಾಲ್ಯ ಮತ್ತು ಶಿಕ್ಷಣ

ಶ್ರೀಯವರ ಮನೆತನದ ಊರು ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಅವರು ಹುಟ್ಟಿದ್ದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ. ತಂದೆ ಮೈಲಾರಯ್ಯನವರು ವಕೀಲರಾಗಿದ್ದುದು ಶ್ರೀರಂಗಪಟ್ಟಣದಲ್ಲಿ. ಶ್ರೀಯವರ ಬಾಲ್ಯ ಕಳೆದುದೂ ಅಲ್ಲಿಯೇ. ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ, ಮದರಾಸಿನಲ್ಲಿ ಬಿ.ಎಲ್. ಮತ್ತು ಎಂ.ಎ. ಪದವಿಗಳನ್ನು ಪಡೆದರು.

ಇಂಗ್ಲಿಷ್ ಅಧ್ಯಾಪಕರಾಗಿ

೧೯೦೯ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಆಗಿನ್ನೂ ಮೈಸೂರು ವಿಶ್ವವಿದ್ಯಾನಿಲಯ (೧೯೧೬) ಸ್ಥಾಪನೆಯಾಗಿರಲಿಲ್ಲ. ಪದವಿ ಪರೀಕ್ಷೆಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಚರಿತ್ರೆಯಾಗಲಿ ತರ್ಕಶಾಸ್ತ್ರವಾಗಲಿ, ಉತ್ತರ ಬರೆಯಬೇಕಾದದ್ದು ಇಂಗ್ಲಿಷಿನಲ್ಲಿಯೇ. ವಿಷಯ ತಿಳಿದಿದ್ದರೂ ವಾಕ್ಯ ತಪ್ಪಿದರೆ ವಿದ್ಯಾರ್ಥಿಗೆ ನಷ್ಟವಾಗುತ್ತಿತ್ತು.

ಕನ್ನಡಿಗರ ಇಂಗ್ಲಿಷ್ ವಾಕ್ಯಗಳಲ್ಲಿ ಇಂದಿಗೂ ಕಾಣುವ ಹಲವು ದೋಷಗಳಿಗೆ ಕಾರಣ ಎರಡು ವ್ಯಾಕರಣಗಳ ನಡುವಿನ ಅಂತರ. 'ಎ', 'ಆ್ಯನ್', 'ದಿ'ಗಳಿಗೆ ಸಮನಾದ ಪದವರ್ಗ ಕನ್ನಡದಲ್ಲಿಲ್ಲವಾದ್ದರಿಂದ ಅವು ಬಿಟ್ಟುಹೋಗುತ್ತವೆ, ಇಲ್ಲವೇ ಬೇಡದೆಡೆ ಸೇರುತ್ತವೆ. ಸಂಖ್ಯಾವಾಚಕದ ಮುಂದೆ ನಪುಂಸಕ ನಾಮಪದವನ್ನು ಏಕವಚನದಲ್ಲಿಯೇ ಇಡುವುದು ಕನ್ನಡದ ರೂಢಿ; ಎರಡು ಪುಸ್ತಕ ಎನ್ನುವವರು 'ಟು ಬುಕ್' ಎಂದು ಬರೆಯುವುದು ಆ ಅಭ್ಯಾಸದಿಂದ. ಒಂದು ವಿಷಯದ ಬಗ್ಗೆ ಚರ್ಚಿಸುವುದು ಕನ್ನಡದಲ್ಲಿ ಸರಿ; ಆ 'ಬಗ್ಗೆ'ಯೇ 'ಡಿಸ್ಕಸ್ ಅಬೌಟ್' ಎಂಬ ದೋಷವಾಗುತ್ತದೆ. ಇವನ್ನು ಅಜ್ಞಾನವೆಂದು ತಳ್ಳಿಹಾಕುವುದಕ್ಕಿಂತ ಮಾತೃಭಾಷೆಯ ನೆರಳೆಂದು ತಿಳಿಯುವುದು ಹೆಚ್ಚು ಸರಿ.

ಇಂಗ್ಲಿಷನ್ನೇ ವೃತ್ತಿಯಾಗಿ ಕಲಿಸುತ್ತಿದ್ದ ಶ್ರೀಯವರು ೧೯೧೧ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ 'ಕನ್ನಡ ಮಾತು ತಲೆಯೆತ್ತುವ ಬಗೆ' ಎಂಬ ಉಪನ್ಯಾಸ ನೀಡಿದರು. ಬಳಕೆಯ ಕನ್ನಡವು ಸಾಹಿತ್ಯ ಹಾಗೂ ವಿದ್ಯೆಯ ಭಾಷೆಯಾಗಿ ಬೆಳೆಯಬೇಕೆಂಬುದು ಅವರ ಜೀವಿತದುದ್ದಕ್ಕೂ ನಡೆದ ಪ್ರಯತ್ನ. ೧೯೨೬ರಿಂದ ೧೯೩೦ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆಗಿದ್ದರು. ಬಳಿಕ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿ, ೧೯೪೨ರಲ್ಲಿ ನಿವೃತ್ತರಾದರು.

ಸಾಹಿತ್ಯ

'ಇಂಗ್ಲಿಷ್ ಗೀತಗಳು' (೧೯೨೬) ಇವರ ಅತ್ಯಂತ ಪ್ರಭಾವಶಾಲಿ ಕೃತಿ. ಪದಕ್ಕೆ ಪದವಿಟ್ಟು ಅನುವಾದಿಸುವ ಹಾದಿಯನ್ನು ಅವರು ಹಿಡಿಯಲಿಲ್ಲ. ಇಂಗ್ಲಿಷ್ ಪದ್ಯದ ಲಯ ನಿಂತಿರುವುದು ಒತ್ತಿನ ಮೇಲೆ. ಅದನ್ನು ಕನ್ನಡಕ್ಕೆ ಹಾಗೆಯೇ ತರಲಾಗದು. ಶ್ರೀಯವರು ಕನ್ನಡದ ಮಾತ್ರಾಗಣಗಳನ್ನೇ ಹೊಸ ಬಗೆಯಲ್ಲಿ ಜೋಡಿಸಿ, ಆದಿಪ್ರಾಸದ ಕಟ್ಟನ್ನು ಸಡಿಲಿಸಿದರು. ನ್ಯೂಮನ್‌ನ ಪ್ರಾರ್ಥನಾಗೀತೆಯ ಅನುವಾದವು ಮೂಲವನ್ನು ಓದದವರ ಬಾಯಲ್ಲೂ ನೆಲೆಸಿತು. ಇಂಗ್ಲಿಷ್ ವಾಕ್ಯದ ಮೇಲೆ ಕನ್ನಡದ ನೆರಳು ಬೀಳುವಂತೆ ಕನ್ನಡದ ಮೇಲೆ ಇಂಗ್ಲಿಷಿನ ನೆರಳೂ ಬೀಳಬಲ್ಲದು. ಈ ಸಂಕಲನದ ಉತ್ತಮ ಅನುವಾದಗಳಲ್ಲಿ ಅದು ಕಾಣದು.

'ಗದಾಯುದ್ಧ ನಾಟಕಂ', ಸೊಫೊಕ್ಲೀಸನ ನಾಟಕವನ್ನು ಆಧರಿಸಿದ 'ಅಶ್ವತ್ಥಾಮನ್', ಈಸ್ಕಿಲಸನ ನಾಟಕದ ಅನುವಾದವಾದ 'ಪಾರಸಿಕರು', ಸ್ವತಂತ್ರ ಕವನಗಳ 'ಹೊಂಗನಸುಗಳು' ಇತರ ಕೃತಿಗಳು. ವ್ಯಾಕರಣ, ಛಂದಸ್ಸು, ಸಾಹಿತ್ಯಚರಿತ್ರೆಗಳನ್ನು ವಿದ್ಯಾರ್ಥಿಗಳಿಗೆ ಒದಗಿಸಿದ 'ಕನ್ನಡ ಕೈಪಿಡಿ'ಯ ರಚನೆಯಲ್ಲಿಯೂ ಪಾಲುಗೊಂಡರು.

ಇವರು ತೆರೆದ ಕಾವ್ಯಮಾರ್ಗದಲ್ಲಿ ಮುಂದೆ ನಡೆದವರಲ್ಲಿ ಇದೇ ಸೀಮೆಯವರೂ ಇದ್ದಾರೆ: ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು. ತಿ. ನರಸಿಂಹಾಚಾರ್, ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿ. ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾವ್ ಅವರೂ ಶ್ರೀಯವರಂತೆ ಇಂಗ್ಲಿಷ್ ಕಲಿಸುತ್ತಲೇ ಕನ್ನಡದಲ್ಲಿ ಬರೆದರು.

ಗೌರವಗಳು ಮತ್ತು ಕೊನೆಯ ದಿನಗಳು

೧೯೨೮ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಮೈಸೂರು ಮಹಾರಾಜರಿಂದ 'ರಾಜಸೇವಾಸಕ್ತ' ಬಿರುದು ಪಡೆದರು. ೧೯೪೧ರಲ್ಲಿ ಶಿಷ್ಯರು ಮತ್ತು ಅಭಿಮಾನಿಗಳು 'ಸಂಭಾವನೆ' ಎಂಬ ಗ್ರಂಥವನ್ನು ಅರ್ಪಿಸಿದರು. ನಿವೃತ್ತಿಯ ನಂತರ ಧಾರವಾಡದಲ್ಲಿ ಕಾಲೇಜೊಂದರ ಪ್ರಾಂಶುಪಾಲರಾದರು; ಅಲ್ಲಿಯೇ ನಿಧನ ಹೊಂದಿದರು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನ ಸಂಪಾದನೆಯ ಹೊಣೆ ಹೊತ್ತವರಲ್ಲಿ ಶ್ರೀಯವರೂ ಒಬ್ಬರು. ಅದು ಅಚ್ಚಾಗಿ ಹೊರಬಂದದ್ದು ಅವರು ತೀರಿಕೊಂಡ ೧೯೪೬ರಲ್ಲಿಯೇ.