ಮೊಸರು ನಂಬಿದ ಮೆಚ್ನಿಕಾಫ್

ಮೆಸ್‌ನಲ್ಲಿ ಮೊಸರನ್ನ ಕಂಡ್ರೆ ಮುಖ ಸಿಂಡರಿಸೋರು ಈ ಕಥೆ ಕೇಳಿ. ಇಲ್ಯಾ ಮೆಚ್ನಿಕಾಫ್ ಹುಟ್ಟಿದ್ದು 1845ರಲ್ಲಿ, ಇವತ್ತಿನ ಯುಕ್ರೇನಿನ ಖಾರ್ಕಿವ್ ಹತ್ತಿರದ ಹಳ್ಳಿಯಲ್ಲಿ. ಮೊದಲ ಹೆಂಡತಿ ಲುದ್ಮಿಲಾಗೆ ಕ್ಷಯ. ಮದುವೆಯ ದಿನ ನಡೆಯೋಕೂ ಆಗದೆ ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತು ತಂದಿದ್ರು. 1873ರಲ್ಲಿ ಆಕೆ ತೀರಿಕೊಂಡಾಗ ಇವರೂ ಸಾಯಲು ಹೊರಟು ಹೇಗೋ ಉಳಿದುಕೊಂಡ್ರು. ಆಯುಷ್ಯ ಹೆಚ್ಚಿಸೋ ದಾರಿ ಹುಡುಕಿದ್ದೂ ಇದೇ ಮನುಷ್ಯ!

1882, ಇಟಲಿಯ ಮೆಸ್ಸಿನಾ. ಮನೆಯವರೆಲ್ಲ ಸರ್ಕಸ್ಸಿಗೆ ಹೋಗಿದ್ರು. ಇವರೊಬ್ಬರೇ ಮೈಕ್ರೋಸ್ಕೋಪ್ ಮುಂದೆ. ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ರು. ಬೆಳಗ್ಗೆ ನೋಡಿದ್ರೆ ಅಲೆದಾಡುವ ಜೀವಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ವು. ರೋಗಾಣುಗಳನ್ನು ನುಂಗೋ ಕೋಶಗಳು ನಮ್ಮಲ್ಲೂ ಇವೆ ಅನ್ನೋ ಸಿದ್ಧಾಂತ ಹುಟ್ಟಿದ್ದು ಅಲ್ಲಿಂದ. ಅದಕ್ಕೇ 1908ರ ನೊಬೆಲ್, ಪೌಲ್ ಎರ್ಲಿಕ್ ಜೊತೆ.

ಅಷ್ಟರಲ್ಲಿ ಅವರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿ ಇಪ್ಪತ್ತು ವರ್ಷ ಆಗಿತ್ತು, ತಲೆಯಲ್ಲಿ ಬೇರೆ ಹುಳ ಹೊಕ್ಕಿತ್ತು. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಮಾಡೋ ವಿಷದಿಂದಲೇ ಮುಪ್ಪು ಬರುತ್ತೆ ಅಂತ. ಬಲ್ಗೇರಿಯಾದ ರೈತರು ಹುಳಿ ಹಾಲು ಕುಡಿದು ನೂರು ವರ್ಷ ಬಾಳ್ತಾರೆ ಅನ್ನೋ ವರದಿ ನಂಬಿ ತಾವೂ ದಿನಾ ಕುಡಿದ್ರು. 1907ರಲ್ಲಿ ಅದರ ಬಗ್ಗೆ ಪುಸ್ತಕವೂ ಬಂತು. ಯುರೋಪಿನಲ್ಲಿ ಮೊಸರಿಗೆ ಹುಚ್ಚೇ ಹಿಡೀತು. ಇನ್ನೊಂದು ಕಡೆ, ಲಂಡನ್ನಿನ ಸರ್ಜನ್ ಅರ್ಬತ್‌ನಾಟ್ ಲೇನ್ ಮಲಬದ್ಧತೆಗೂ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದ್ರು. ಒಂದು ಊಹೆಯನ್ನು ಪರೀಕ್ಷೆಗೆ ಮುಂಚೆ ಜನರ ಮೇಲೆ ಓಡಿಸಿದ್ರೆ ಹೀಗೇ.

ಬಲ್ಗೇರಿಯಾದ ಆ ಬ್ಯಾಕ್ಟೀರಿಯಾ ನಮ್ಮ ಕರುಳಲ್ಲಿ ನೆಲೆ ನಿಲ್ಲಲ್ಲ ಅಂತ ಆಮೇಲೆ ಗೊತ್ತಾಯ್ತು. ಕರುಳಿನ ಸೂಕ್ಷ್ಮಜೀವಿಗಳೆಲ್ಲ ಶತ್ರುಗಳೂ ಅಲ್ಲ. ಆದ್ರೆ ಅವುಗಳಿಗೂ ಆರೋಗ್ಯಕ್ಕೂ ನಂಟಿದೆ ಅನ್ನೋ ಮೂಲ ಮಾತು ಉಳೀತು. ಆ ನಂಟಿನ ಒಂದು ಎಳೆ ಮೈಕ್ರೋ ಆರ್‌ಎನ್‌ಎ. ಸುಮಾರು 22 ಅಕ್ಷರದ ತುಣುಕು. ಪ್ರೋಟೀನ್ ಮಾಡಲ್ಲ, ಬೇರೆ ಜೀನ್‌ನ ಸಂದೇಶಕ್ಕೆ ಅಂಟಿಕೊಂಡು ಅದನ್ನು ಸುಮ್ಮನಾಗಿಸುತ್ತೆ, ಕೋಡ್‌ನಲ್ಲಿ ನಾವು ಒಂದು ಸಾಲನ್ನು ಕಾಮೆಂಟ್ ಮಾಡಿದ ಹಾಗೆ. ನಮ್ಮ ಕರುಳಿನ ಕೋಶಗಳು ಇಂಥ ತುಣುಕುಗಳನ್ನು ಹೊರಗೆ ಬಿಡುತ್ವೆ, ಅವು ಬ್ಯಾಕ್ಟೀರಿಯಾದ ಒಳಗೇ ಹೋಗಿ ಅದರ ಬೆಳವಣಿಗೆ ಬದಲಿಸಬಲ್ಲವು ಅಂತ 2016ರ ಒಂದು ಸಂಶೋಧನೆ ತೋರಿಸ್ತು. ಈ ತುಣುಕುಗಳು ಕಡಿಮೆಯಾದ ಇಲಿಗಳಲ್ಲಿ ಕರುಳಿನ ಉರಿಯೂತ ಜೋರಾಯ್ತು. ಆರೋಗ್ಯವಂತ ಇಲಿಗಳ ಮಲದಿಂದ ತೆಗೆದು ಕೊಟ್ರೆ ತಗ್ಗಿತು.

ಮೆಚ್ನಿಕಾಫ್ ತೀರಿಕೊಂಡಿದ್ದು ಅದಕ್ಕೆ ಸರಿಯಾಗಿ ನೂರು ವರ್ಷ ಮೊದಲು, 1916ರಲ್ಲಿ, 71ನೇ ವಯಸ್ಸಿಗೆ. ಬೂದಿ ಇನ್ನೂ ಪಾಶ್ಚರ್ ಸಂಸ್ಥೆಯ ಲೈಬ್ರರಿಯಲ್ಲೇ ಇದೆ.