ಗ್ರಂಥ ಬಿಡದ ಸಂತ: ಕಲಬುರಗಿಯ ಖ್ವಾಜಾ ಬಂದೇ ನವಾಜ್

ಕಲಬುರಗಿಗೆ ಬರುವ ಯಾತ್ರಿಕರ ಪಾಲಿಗೆ ಖ್ವಾಜಾ ಬಂದೇ ನವಾಜರ ದರ್ಗಾ ಹರಕೆಯ ತಾಣ. ಹಿಜರಿ ಪಂಚಾಂಗದ ಜುಲ್‌ಕಾದಾ ಮಾಸದಲ್ಲಿ ಜರುಗುವ ಉರುಸ್‌ಗೆ ಕರ್ನಾಟಕ, ತೆಲಂಗಾಣ, ಮಹಾರಾಷ್ಟ್ರಗಳಿಂದ ಮತಭೇದವಿಲ್ಲದೆ ಭಕ್ತರು ಸೇರುತ್ತಾರೆ. ಸಂತರ ಪವಾಡಗಳ ಕಥೆಗಳು ಈ ಭಾಗದ ಮನೆಮನೆಯಲ್ಲೂ ಪ್ರಚಲಿತ. ಆದರೆ ಆ ಗೋರಿಯಲ್ಲಿ ಚಿರನಿದ್ರೆಯಲ್ಲಿರುವವರು ಒಂದು ಶತಮಾನದ ತಮ್ಮ ಬಾಳಿನ ಬಹುಭಾಗವನ್ನು ಓದುವುದರಲ್ಲಿಯೂ ಓದಿದ್ದನ್ನು ಪಾಠ ಹೇಳುವುದರಲ್ಲಿಯೂ ಕಳೆದವರೆಂಬುದು ಅಷ್ಟಾಗಿ ಜನರ ನೆನಪಿನಲ್ಲಿ ಉಳಿದಿಲ್ಲ.

ಅವರ ಪೂರ್ಣ ಹೆಸರು ಸೈಯದ್ ಮುಹಮ್ಮದ್ ಹುಸೈನಿ. ಜನಿಸಿದ್ದು 1321ರಲ್ಲಿ, ದೆಹಲಿಯಲ್ಲಿ. ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನು ದೌಲತಾಬಾದಿಗೆ ವರ್ಗಾಯಿಸಿದಾಗ ಇವರ ಕುಟುಂಬವೂ ದಖ್ಖನ್ನಿನ ಹಾದಿ ಹಿಡಿಯಿತು. ಬಾಲಕನಿಗೆ ಮೊದಲ ಪಾಠಗಳು ದೊರೆತದ್ದು ಅಲ್ಲಿಯೇ. ತಂದೆ ಸೈಯದ್ ಯೂಸುಫ್ ಅಲ್ಲಿಯೇ ತೀರಿಕೊಂಡರು. ಅವರ ಸಮಾಧಿ ಇಂದಿಗೂ ಖುಲ್ದಾಬಾದಿನಲ್ಲಿದೆ. ಸುಮಾರು 15ನೇ ವಯಸ್ಸಿನಲ್ಲಿ ತಾಯಿಯೊಂದಿಗೆ ದೆಹಲಿಗೆ ಮರಳಿದ ಸೈಯದ್ ಮುಹಮ್ಮದ್, ಚಿಶ್ತಿ ಪಂಥದ ಮಹಾಗುರು ನಿಜಾಮುದ್ದೀನ್ ಔಲಿಯಾರ ಉತ್ತರಾಧಿಕಾರಿಯಾದ ನಸೀರುದ್ದೀನ್ ಚಿರಾಗ್ ದೆಹಲಿಯವರಿಗೆ ಶಿಷ್ಯರಾದರು.

ಅವರ ಬದುಕಿನ ದಿಕ್ಕನ್ನು ನಿರ್ಧರಿಸಿದ ಪ್ರಸಂಗ ನಡೆದದ್ದು ಈ ಅವಧಿಯಲ್ಲಿ. ಧ್ಯಾನ, ಉಪವಾಸ, ಏಕಾಂತಗಳ ರುಚಿ ಹತ್ತಿದ ತರುಣನಿಗೆ ವ್ಯಾಕರಣ, ತರ್ಕ, ಧರ್ಮಶಾಸ್ತ್ರಗಳ ಅಧ್ಯಯನ ಭಾರವೆನಿಸತೊಡಗಿತು. ಗ್ರಂಥಗಳನ್ನು ಬದಿಗಿಟ್ಟು ಸಂಪೂರ್ಣವಾಗಿ ಸಾಧನೆಯಲ್ಲಿ ಮುಳುಗಲು ಅನುಮತಿ ಬೇಡಿದಾಗ ಗುರುಗಳು ಒಪ್ಪಲಿಲ್ಲ. ಹಿಡಿದ ಪಾಠವನ್ನು ಪೂರ್ತಿಗೊಳಿಸುವಂತೆ ಆಜ್ಞಾಪಿಸಿದರು. ಶಿಷ್ಯ ಆ ಮಾತಿಗೆ ತಲೆಬಾಗಿ ಕಾಜಿ ಅಬ್ದುಲ್ ಮುಕ್ತದಿರ್ ಮೊದಲಾದ ವಿದ್ವಾಂಸರ ಬಳಿ ಅಧ್ಯಯನ ಮುಗಿಸಿದರು.

ಗುರುವಿನ ಈ ನಿಷ್ಠುರತೆಯ ಹಿನ್ನೆಲೆ ಅರಿಯಲು ಆ ಕಾಲದ ದೆಹಲಿಯನ್ನು ನೋಡಬೇಕು. ಸೂಫಿಗಳ ಸಂಗೀತಗೋಷ್ಠಿ ಧರ್ಮಸಮ್ಮತವೇ ಎಂಬ ವಿಚಾರದಲ್ಲಿ ನಿಜಾಮುದ್ದೀನ್ ಔಲಿಯಾರೇ ಸುಲ್ತಾನನ ಸಭೆಯಲ್ಲಿ ವಿದ್ವಾಂಸರಿಗೆ ಉತ್ತರಿಸಬೇಕಾಗಿ ಬಂದಿತ್ತು. ಅನುಭವವೇ ಸಾಕು, ಗ್ರಂಥ ಬೇಡ ಎಂಬ ಸಾಧಕನಿಗೆ ಅಂತಹ ಸಭೆಯಲ್ಲಿ ನೆಲೆಯಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ತನಗೆ ಹೊಳೆದದ್ದು ಸತ್ಯವೋ ಮನಸ್ಸಿನ ಭ್ರಮೆಯೋ ಎಂದು ಒರೆಹಚ್ಚಿ ನೋಡಲು ಆತನಲ್ಲಿ ಮಾನದಂಡವೇ ಇರುತ್ತಿರಲಿಲ್ಲ. ಸೈಯದ್ ಮುಹಮ್ಮದರಿಗೆ ಆ ಮಾನದಂಡವಾಗಿ ಒದಗಿದ್ದು ಕುರ್‌ಆನ್.

ಇಸ್ಲಾಮೀ ಪರಂಪರೆಯಲ್ಲಿ ಕುರ್‌ಆನ್ ಓದಿಗೆ ಎರಡು ಮುಖಗಳಿವೆ. ಶುದ್ಧ ಉಚ್ಚಾರಣೆಯೊಂದಿಗೆ ಪಠಿಸುವುದು ತಿಲಾವತ್. ಪಠಿಸಿದ್ದನ್ನು ನಿಂತು, ಹಿಂದುಮುಂದು ನೋಡಿ, ಅದರ ಕೊನೆಯವರೆಗೂ ಯೋಚಿಸುವುದು ತದಬ್ಬುರ್. ಈ ಚಿಂತನೆಗೆ ಕುರ್‌ಆನೇ ಹಲವೆಡೆ ಓದುಗನನ್ನು ಕರೆಯುತ್ತದೆ. ಇನ್ನು ಅದರ ಅರ್ಥವಿವರಣೆಯ ಶಾಸ್ತ್ರವಾದ ತಫ್ಸೀರ್‌ನಲ್ಲಿಯೂ ಎರಡು ದಾರಿಗಳು ಬೆಳೆದಿದ್ದವು. ಶಬ್ದ, ವ್ಯಾಕರಣ, ಸಂದರ್ಭಗಳಿಂದ ಅರ್ಥ ಹುಡುಕುವುದು ಒಂದು. ಅದೇ ವಾಕ್ಯ ಸಾಧಕನ ಅಂತರಂಗಕ್ಕೆ ಏನನ್ನು ಸೂಚಿಸುತ್ತದೆ ಎಂದು ಅರಸುವುದು ಮತ್ತೊಂದು. ಎರಡೂ ದಾರಿಗಳಲ್ಲಿ ನಡೆದವರು ವಿರಳ. ಸೈಯದ್ ಮುಹಮ್ಮದ್ ಅಂತಹವರಲ್ಲಿ ಒಬ್ಬರು. ಭಾಷಾಸೂಕ್ಷ್ಮಗಳಿಗೆ ಹೆಸರಾದ ಜಮಖ್ಶರಿಯ ಕಶ್ಶಾಫ್ ವ್ಯಾಖ್ಯಾನಕ್ಕೆ ಅವರು ಟಿಪ್ಪಣಿ ಬರೆದರೆಂದು ಜೀವನಚರಿತ್ರೆಗಳು ತಿಳಿಸುತ್ತವೆ. ಅರಬಿ ಭಾಷೆಯಲ್ಲಿ ಅವರು ರಚಿಸಿದ ಮುಲ್ತಕತ್ ಎಂಬ ವ್ಯಾಖ್ಯಾನ ಸೂಫಿ ಮಾರ್ಗದ್ದು. ಹೆಸರಿನ ಅರ್ಥ ಆಯ್ದುಕೊಂಡದ್ದು ಎಂದು. ಹಿಂದಿನ ಸೂಫಿ ವ್ಯಾಖ್ಯಾನಕಾರರ ಮಾತುಗಳನ್ನು ಆರಿಸಿ, ಅವುಗಳೊಡನೆ ತಮ್ಮ ಚಿಂತನೆಯನ್ನು ಸೇರಿಸಿದ ಕೃತಿ ಅದು.

ಅವರ ಒಟ್ಟು ಕೃತಿಗಳು ನೂರಕ್ಕೂ ಮಿಗಿಲು ಎಂಬುದು ಸಂಪ್ರದಾಯದ ಲೆಕ್ಕ. ಹೆಚ್ಚಿನವು ಪಾರ್ಸಿ ಮತ್ತು ಅರಬಿಯಲ್ಲಿವೆ. ಅವರ ಹೆಸರಿನಲ್ಲಿರುವ ದಖ್ಖನಿ ಗದ್ಯಕೃತಿ ಮೇರಾಜುಲ್ ಆಶಿಕೀನ್ ಅವರದೇ ಹೌದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಸಮಸ್ತವೂ ಒಂದೇ ಸತ್ತೆ ಎಂಬ ಇಬ್ನ್ ಅರಬಿಯ ಚಿಂತನೆಯನ್ನು ಅವರು ಒಪ್ಪಲಿಲ್ಲ. ಅನುಭವದ ಯಾವ ಎತ್ತರಕ್ಕೇರಿದರೂ ನಮಾಜು, ಉಪವಾಸಗಳ ಕಟ್ಟಳೆ ಸಾಧಕನನ್ನು ಬಿಡುವುದಿಲ್ಲ ಎಂಬುದು ಅವರ ನಿಲುವಾಗಿತ್ತು. ಬ್ರಾಹ್ಮಣ ಪಂಡಿತರೊಡನೆ ವಾದಿಸಲೆಂದು ಸಂಸ್ಕೃತ ಗ್ರಂಥಗಳನ್ನೂ ಅಭ್ಯಸಿಸಿದ್ದರು. ಸಂಗೀತಗೋಷ್ಠಿಯಲ್ಲಿ ಹಿಂದವಿ ಹಾಡುಗಳ ಮೃದುತ್ವವನ್ನು ಮೆಚ್ಚುತ್ತಿದ್ದರು.

ಗೇಸುದರಾಜ್ ಎಂದರೆ ನೀಳಕೇಶದವರು. ಗುರುವಿನ ಪಲ್ಲಕ್ಕಿ ಹೊರುವಾಗ ಉದ್ದನೆಯ ಕೂದಲು ಅದಕ್ಕೆ ಸಿಕ್ಕಿಕೊಂಡರೂ ನೋವು ತೋರಗೊಡದೆ ನಡೆದದ್ದರಿಂದ ಈ ಹೆಸರು ಬಂದಿತೆಂಬುದು ಐತಿಹ್ಯ. ದೀನರನ್ನು ಪೊರೆಯುವವರು ಎಂಬರ್ಥದ ಬಂದೇ ನವಾಜ್ ಜನತೆ ಕೊಟ್ಟ ಬಿರುದು. 1356ರಲ್ಲಿ ಗುರುಗಳು ಕಾಲವಾದ ನಂತರ ನಾಲ್ಕು ದಶಕಗಳಿಗೂ ಮಿಕ್ಕಿ ಅವರು ದೆಹಲಿಯಲ್ಲಿ ಬೋಧಿಸಿದರು. 1398ರ ಡಿಸೆಂಬರ್‌ನಲ್ಲಿ ತೈಮೂರನ ಸೇನೆ ದೆಹಲಿಯ ಬಾಗಿಲಿಗೆ ಬಂದಾಗ 77ರ ವಯೋವೃದ್ಧರು ಪರಿವಾರದೊಂದಿಗೆ ನಗರ ತೊರೆದರು. ಗ್ವಾಲಿಯರ್, ಚಂದೇರಿ, ಬರೋಡಾ, ಖಂಭಾತ್‌ಗಳ ಮೂಲಕ ದಖ್ಖನ್ನಿಗೆ ಸಾಗಿ ಬಂದ ಅವರು 15ನೇ ಶತಮಾನದ ಆರಂಭದ ವರ್ಷಗಳಲ್ಲಿ ಬಹಮನಿ ರಾಜಧಾನಿ ಕಲಬುರಗಿಯಲ್ಲಿ ನೆಲೆಸಿದರು. ಈ ಅಲೆದಾಟದ ಕಾಲದಲ್ಲಿ ನಡೆದ ಸಂಭಾಷಣೆಗಳನ್ನು ಹಿರಿಯ ಮಗ ಅಕ್ಬರ್ ಹುಸೈನಿ ಜವಾಮಿಉಲ್ ಕಲಿಮ್ ಎಂಬ ಗ್ರಂಥದಲ್ಲಿ ಸಂಗ್ರಹಿಸಿದ್ದಾರೆ. ಆ ಮಗ ತಂದೆಯ ಕಣ್ಣೆದುರೇ ಅಸುನೀಗಿದರು.

ಆಗ ಆಳುತ್ತಿದ್ದ ಫಿರೋಜ್ ಷಾ ಬಹಮನಿ ಸಾಮಾನ್ಯ ದೊರೆಯಲ್ಲ. ತರ್ಕ, ರೇಖಾಗಣಿತ, ಸಸ್ಯಶಾಸ್ತ್ರಗಳನ್ನು ತಾನೇ ಪಾಠ ಹೇಳುತ್ತಿದ್ದವನು. ದೌಲತಾಬಾದಿನಲ್ಲಿ ಖಗೋಳ ವೀಕ್ಷಣಾಲಯ ಕಟ್ಟಿಸಲು ತೊಡಗಿದವನು. ಕುರ್‌ಆನನ್ನು ನಿಯಮಿತವಾಗಿ ಸ್ವಹಸ್ತದಿಂದ ನಕಲು ಮಾಡುತ್ತಿದ್ದನೆಂದು ಇತಿಹಾಸಕಾರ ಫರಿಶ್ತಾ ಬರೆದಿದ್ದಾನೆ. ಸಂತರನ್ನು ಮೊದಲು ಆದರದಿಂದ ಬರಮಾಡಿಕೊಂಡ ಈ ದೊರೆಗೆ ಕ್ರಮೇಣ ಅವರ ಶಾಸ್ತ್ರಜ್ಞಾನ ಸಾಲದೆನಿಸಿತಂತೆ. ಗುರುವಿನ ಆಜ್ಞೆಯಂತೆ ಶಾಸ್ತ್ರಾಧ್ಯಯನವನ್ನು ಅರ್ಧಕ್ಕೆ ಬಿಡದೆ ಪೂರೈಸಿದವರಿಗೆ ಇಳಿವಯಸ್ಸಿನಲ್ಲಿ ಕೇಳಿಬಂದ ಆಕ್ಷೇಪವಿದು. ಒಂದೇ ಗ್ರಂಥವನ್ನು ಗೌರವಿಸುವ ಇಬ್ಬರ ನಡುವೆ ಸತ್ಯವನ್ನು ಕಾಣುವ ಬಗೆಯಲ್ಲಿಯೇ ಅಂತರವಿತ್ತು. ದೊರೆ ತರ್ಕವನ್ನು ನೆಚ್ಚಿದ್ದ. ಸಂತರು ತರ್ಕವನ್ನು ಕಲಿತು, ಅದರಾಚೆಗೂ ಓದು ಸಾಗಬೇಕೆಂದು ನಂಬಿದ್ದರು.

ಬಿರುಕು ರಾಜಕೀಯಕ್ಕೂ ಹಬ್ಬಿತು. ಮಗ ಹಸನ್ ಖಾನನನ್ನು ಉತ್ತರಾಧಿಕಾರಿಯಾಗಿ ಆಶೀರ್ವದಿಸಬೇಕೆಂದು ಫಿರೋಜ್ ಷಾ ಬಯಸಿದಾಗ ಸಂತರು ಸಮ್ಮತಿಸಲಿಲ್ಲ. ದೊರೆಯ ತಮ್ಮ ಅಹಮದ್ ಖಾನ್ ಅವರ ಭಕ್ತನಾಗಿದ್ದ. ಜನಸಂದಣಿಯ ನೆಪವೊಡ್ಡಿ, ಕೋಟೆಯ ಸಮೀಪದ ಖಾನಖಾವನ್ನು ತೆರವುಗೊಳಿಸುವಂತೆ ಅರಸನಿಂದ ಆದೇಶ ಬಂದಿತು. ಅವರು ಕೋಟೆಯಿಂದ ದೂರ, ಈಗ ದರ್ಗಾ ಇರುವ ಎಡೆಗೆ ತೆರಳಿ ತಫ್ಸೀರ್, ಹದೀಸ್ ಹಾಗೂ ಸಾಧನಾಮಾರ್ಗದ ಪಾಠಗಳನ್ನು ಮುಂದುವರಿಸಿದರು.

1422ರ ಸೆಪ್ಟೆಂಬರ್‌ನಲ್ಲಿ ಅಹಮದ್ ಷಾ ಪಟ್ಟವೇರಿದ. ಕೆಲವೇ ವಾರಗಳಲ್ಲಿ, ನವೆಂಬರ್ 1ರಂದು, ಖ್ವಾಜಾ ಇಹಲೋಕ ತ್ಯಜಿಸಿದರು. ಚಾಂದ್ರಮಾನದ ಎಣಿಕೆಯಂತೆ ಅವರಿಗೆ ಆಗ 104 ವರ್ಷ. ಹೊಸ ಸುಲ್ತಾನ ಭವ್ಯ ಗುಂಬಜ್ ಕಟ್ಟಿಸಿದ. ಮುಂದೆ ರಾಜಧಾನಿ ಬೀದರಿಗೆ ಹೋಯಿತು. ಕಲಬುರಗಿಯ ಜನ ಸಂತರನ್ನು ಬಿಡಲಿಲ್ಲ.

ಹರಕೆ ಹೊತ್ತವರ ಸಾಲು ಆರು ಶತಮಾನಗಳಿಂದ ನಡೆದು ಬಂದಿದೆ. ಅವರನ್ನು ಗ್ರಂಥಗಳ ಮೂಲಕ ಅರಿಯುವ ಯತ್ನವೂ ನಿಂತಿಲ್ಲ. ದರ್ಗಾದ ಪೀಠಾಧಿಪತಿಗಳ ಮನೆತನದವರೇ ಆದ ಸೈಯದ್ ಷಾ ಖುಸ್ರೋ ಹುಸೈನಿ ತಮ್ಮ ಪೂರ್ವಜರ ಸೂಫಿ ಚಿಂತನೆಯನ್ನು ಕುರಿತು 1983ರಲ್ಲಿ ಇಂಗ್ಲಿಷ್ ಅಧ್ಯಯನ ಪ್ರಕಟಿಸಿದರು. ಹಸ್ತಪ್ರತಿಗಳಲ್ಲಿ ಉಳಿದು ಬಂದ ಮುಲ್ತಕತ್ ವ್ಯಾಖ್ಯಾನವನ್ನು ಇತ್ತೀಚಿನ ದಶಕಗಳಲ್ಲಿ ವಿದ್ವಾಂಸರು ಸಾಲುಸಾಲಾಗಿ ಪರಿಶೀಲಿಸಿದ್ದಾರೆ. ಯಾವ ಮಾತು ಹಿಂದಿನವರದು, ಯಾವುದು ಖ್ವಾಜಾರದು ಎಂದು ಬಿಡಿಸಿ ನೋಡುವುದು ಅವರ ಕೆಲಸ. ಓದನ್ನು ಮುಗಿಸದೆ ಸಾಧನೆಗೆ ಇಳಿಯಬೇಡ ಎಂದು ದೆಹಲಿಯಲ್ಲಿ ಗುರುವೊಬ್ಬರು ತರುಣ ಶಿಷ್ಯನಿಗೆ ವಿಧಿಸಿದ ಕಟ್ಟಳೆಯ ಫಲ ಆ ಪುಟಗಳಲ್ಲಿದೆ.