ಬಹುಮತವಿಲ್ಲದೆ ಆಳಿದ ದೊಡ್ಮನೆಯ ಹೆಗಡೆ

ಶಿರಸಿ ತಾಲ್ಲೂಕಿನ ಸೋಂದಾ ಒಂದು ಕಾಲಕ್ಕೆ ಸೋದೆ ಅರಸರ ರಾಜಧಾನಿಯಾಗಿತ್ತು. 1760ರ ದಶಕದಲ್ಲಿ ಹೈದರಾಲಿಯ ಸೇನೆಯ ಮುಂದೆ ಆ ಅರಸೊತ್ತಿಗೆ ಕೊನೆಗೊಂಡಿತು. ಅದೇ ಸೀಮೆಯ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ 1926ರ ಆಗಸ್ಟ್ 29ರಂದು ಜನಿಸಿದ ರಾಮಕೃಷ್ಣ ಹೆಗಡೆ ಅವರು ರಾಜಕಾರಣಕ್ಕೆ ಬರುವ ವೇಳೆಗೆ ಅಧಿಕಾರದ ಅಳಿವು ಉಳಿವು ಸೇನೆಯ ಕೈಯಲ್ಲಿರಲಿಲ್ಲ. ಸದನದಲ್ಲಿ ನಡೆಯುವ ತಲೆ ಎಣಿಕೆಯ ಮೇಲೆ ನಿಂತಿತ್ತು. ಆ ಎಣಿಕೆಯ ಬಲ ಮತ್ತು ಮಿತಿ ಎರಡನ್ನೂ ಹೆಗಡೆಯವರಷ್ಟು ಹತ್ತಿರದಿಂದ ಕಂಡ ಕನ್ನಡಿಗರು ವಿರಳ.

ಸ್ವಾತಂತ್ರ್ಯ ಹೋರಾಟದಲ್ಲಿ ತೊಡಗಿದ್ದ ಹವ್ಯಕ ಕೃಷಿಕ ಕುಟುಂಬ ಅವರದು. ಕಾಶಿ ವಿದ್ಯಾಪೀಠದಲ್ಲಿ ವಿದ್ಯಾಭ್ಯಾಸ ಮಾಡಿ, ಲಖನೌ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದರು. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆಮನೆವಾಸ ಅನುಭವಿಸಿದರು. ಉತ್ತರ ಕನ್ನಡ ಜಿಲ್ಲಾ ಕಾಂಗ್ರೆಸ್ ಅಧ್ಯಕ್ಷರಾಗಿ ದುಡಿದು, 1957ರಲ್ಲಿ ವಿಧಾನಸಭೆ ಪ್ರವೇಶಿಸಿದರು. ಎಸ್. ನಿಜಲಿಂಗಪ್ಪ ಮತ್ತು ವೀರೇಂದ್ರ ಪಾಟೀಲ ಅವರ ಸಂಪುಟಗಳಲ್ಲಿ ಸಚಿವರಾಗಿ ಆಡಳಿತದ ಒಳಹೊರಗನ್ನು ಅರಿತರು. 1969ರಲ್ಲಿ ಕಾಂಗ್ರೆಸ್ ಇಬ್ಭಾಗವಾದಾಗ ನಿಜಲಿಂಗಪ್ಪನವರ ಜತೆ ನಿಂತರು. ತುರ್ತು ಪರಿಸ್ಥಿತಿಯಲ್ಲಿ ಮತ್ತೆ ಸೆರೆವಾಸ. 1977ರಲ್ಲಿ ಜನತಾ ಪಕ್ಷ ರೂಪುಗೊಂಡಾಗ ಅದರ ಮುಂಚೂಣಿ ನಾಯಕರಲ್ಲಿ ಒಬ್ಬರಾದರು.

1983ರ ಜನವರಿಯ ವಿಧಾನಸಭಾ ಚುನಾವಣೆ ರಾಜ್ಯದ ರಾಜಕೀಯ ದಿಕ್ಕನ್ನೇ ಬದಲಿಸಿತು. 224 ಸ್ಥಾನಗಳ ಪೈಕಿ ಜನತಾ ಪಕ್ಷ 95, ಕಾಂಗ್ರೆಸ್ 82, ಭಾರತೀಯ ಜನತಾ ಪಕ್ಷ 18 ಸ್ಥಾನ ಗಳಿಸಿದವು. ಎರಡು ಕಮ್ಯುನಿಸ್ಟ್ ಪಕ್ಷಗಳಿಗೆ ಸೇರಿ 6 ಸ್ಥಾನ ದೊರೆತವು. ಸರಳ ಬಹುಮತಕ್ಕೆ 113 ಬೇಕಿತ್ತು. ಆಗ ರಾಜ್ಯಸಭಾ ಸದಸ್ಯರಾಗಿದ್ದ ಹೆಗಡೆ ಜನವರಿ 10ರಂದು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಅದು ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ. ಬಿಜೆಪಿ ಮತ್ತು ಎಡಪಕ್ಷಗಳು ಸಂಪುಟ ಸೇರದೆ ಹೊರಗಿನಿಂದ ಬೆಂಬಲ ನೀಡಿದವು.

ತಾತ್ವಿಕವಾಗಿ ಪರಸ್ಪರ ವಿರುದ್ಧ ದಿಕ್ಕಿನ ಎರಡು ಶಕ್ತಿಗಳು ಒಂದೇ ಸರ್ಕಾರಕ್ಕೆ ಆಸರೆಯಾಗಿದ್ದು ವಿಚಿತ್ರವೆನಿಸಿದರೂ ಅದಕ್ಕೆ ಕಾರಣವಿತ್ತು. ಕಾಂಗ್ರೆಸ್ ಮರಳಿ ಅಧಿಕಾರಕ್ಕೆ ಬರುವುದು ಇಬ್ಬರಿಗೂ ಬೇಕಿರಲಿಲ್ಲ. ಅಲ್ಪಮತದ ಸರ್ಕಾರ ಬದುಕುವುದು ಇಂಥ ಲೆಕ್ಕಾಚಾರದ ಮೇಲೆಯೇ. ಬೆಂಬಲ ಕೊಟ್ಟವರಿಗೆ ಸರ್ಕಾರ ಉಳಿಸುವುದಕ್ಕಿಂತ ಉರುಳಿಸುವುದೇ ಲಾಭವೆಂದು ತೋರಿದ ದಿನ ಅದರ ಆಯುಷ್ಯ ಮುಗಿಯುತ್ತದೆ. ಆಗ ಪಕ್ಷಾಂತರ ನಿಷೇಧ ಕಾಯ್ದೆಯೂ ಇರಲಿಲ್ಲ. ಅದು ಬಂದದ್ದು 1985ರಲ್ಲಿ. ಶಾಸಕರು ಬಯಸಿದ ಕಡೆಗೆ ಜಿಗಿಯಬಹುದಾಗಿದ್ದ ಕಾಲವದು.

ಅದರ ಅಪಾಯ ಪಕ್ಕದ ರಾಜ್ಯದಲ್ಲೇ ಕಾಣಿಸಿಕೊಂಡಿತು. 1984ರ ಆಗಸ್ಟ್‌ನಲ್ಲಿ ಆಂಧ್ರಪ್ರದೇಶದ ಎನ್.ಟಿ. ರಾಮರಾವ್ ಸರ್ಕಾರವನ್ನು ರಾಜ್ಯಪಾಲರು ವಜಾಗೊಳಿಸಿದಾಗ, ತೆಲುಗು ದೇಶಂ ಶಾಸಕರಿಗೆ ಹೆಗಡೆ ಕರ್ನಾಟಕದಲ್ಲಿ ಆಶ್ರಯ ನೀಡಿದರು. ಮರುತಿಂಗಳು ರಾಮರಾವ್ ಮತ್ತೆ ಮುಖ್ಯಮಂತ್ರಿಯಾದರು. ಮುಂದೆ ರೆಸಾರ್ಟ್ ರಾಜಕಾರಣವೆಂದು ಹೆಸರಾದ ಪದ್ಧತಿಯ ಆರಂಭಿಕ ನಿದರ್ಶನಗಳಲ್ಲಿ ಇದೂ ಒಂದು.

ಎರಡು ವರ್ಷಗಳ ಈ ಅಲ್ಪಮತದ ಅವಧಿಯಲ್ಲೇ ಹೆಗಡೆಯವರ ಹೆಸರು ಉಳಿಸಿದ ಕೆಲಸಗಳು ಆರಂಭವಾದವು ಎಂಬುದು ಗಮನಾರ್ಹ. ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಲ್ಲಿ 1983ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿ ಕಾನೂನು ಸಿದ್ಧವಾಯಿತು. ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟ ಈ ವ್ಯವಸ್ಥೆಗೆ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಲೋಕಾಯುಕ್ತ ಕಾಯ್ದೆ 1984ರದು. ಪ್ರತಿಯೊಂದು ಮಸೂದೆಗೂ ಪರರ ಒಪ್ಪಿಗೆ ಗಳಿಸಬೇಕಾದ ಸರ್ಕಾರ ಕೈಕಟ್ಟಿ ಕೂರಲೇಬೇಕೆಂದಿಲ್ಲ ಎಂಬುದನ್ನು ಆ ಅವಧಿ ತೋರಿಸಿತು.

1984ರ ಡಿಸೆಂಬರ್‌ನ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ರಾಜ್ಯದ 28 ಸ್ಥಾನಗಳಲ್ಲಿ 24ನ್ನು ಗೆದ್ದಿತು. ಜನತಾ ಪಕ್ಷಕ್ಕೆ ಉಳಿದದ್ದು ಕೇವಲ 4. ಸದನದಲ್ಲಿ ಯಾರೂ ಬೆಂಬಲ ಹಿಂಪಡೆದಿರಲಿಲ್ಲ. ಆದರೂ ಜನಾದೇಶ ತಮ್ಮ ಪಕ್ಷದ ವಿರುದ್ಧವಾಗಿದೆ ಎಂದು ಹೆಗಡೆ ರಾಜೀನಾಮೆ ನೀಡಿ, ವಿಧಾನಸಭೆಯ ವಿಸರ್ಜನೆಗೆ ಶಿಫಾರಸು ಮಾಡಿದರು. ಬೆಂಬಲಿಗರು ಕೈಬಿಡುವ ಮೊದಲೇ, ಶಾಸಕರು ಚದುರುವ ಮೊದಲೇ ತಮ್ಮ ಸರ್ಕಾರದ ಅಂತ್ಯವನ್ನು ತಾವೇ ಆರಿಸಿಕೊಂಡರು. 1985ರ ಮಾರ್ಚ್‌ನಲ್ಲಿ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ನೀಡಿದರು. ಕಾಂಗ್ರೆಸ್ 65ಕ್ಕೆ, ಬಿಜೆಪಿ 2ಕ್ಕೆ ಇಳಿದವು.

ಆದರೆ ಸ್ವಂತ ಬಹುಮತ ನೆಮ್ಮದಿ ತರಲಿಲ್ಲ. ಸಾರಾಯಿ ಬಾಟ್ಲಿಂಗ್ ಗುತ್ತಿಗೆ ಕುರಿತು ಹೈಕೋರ್ಟ್ ಆಕ್ಷೇಪಿಸಿದಾಗ 1986ರ ಫೆಬ್ರುವರಿಯಲ್ಲಿ ರಾಜೀನಾಮೆ ನೀಡಿ, ಬಳಿಕ ಹಿಂಪಡೆದರು. ಪಕ್ಷದೊಳಗೆ ಭಿನ್ನಮತ ಬೆಳೆಯಿತು. ದೂರವಾಣಿ ಕದ್ದಾಲಿಕೆ ಆರೋಪದ ಹಿನ್ನೆಲೆಯಲ್ಲಿ 1988ರ ಆಗಸ್ಟ್ 10ರಂದು ಅಧಿಕಾರ ತ್ಯಜಿಸಿದರು. ಉತ್ತರಾಧಿಕಾರಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರದಿಂದ ಬೆಂಬಲ ಹಿಂಪಡೆದ 19 ಶಾಸಕರ ಪತ್ರಗಳು 1989ರ ಏಪ್ರಿಲ್‌ನಲ್ಲಿ ರಾಜಭವನ ತಲುಪಿದವು. ಅವರಲ್ಲಿ 7 ಮಂದಿ ಮನಸ್ಸು ಬದಲಿಸಿದರೂ, ಸದನದಲ್ಲಿ ಬಹುಮತ ಸಾಬೀತುಪಡಿಸಲು ಬೊಮ್ಮಾಯಿ ಸಿದ್ಧರಿದ್ದರೂ, ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಬಹುಮತದ ಪರೀಕ್ಷೆ ನಡೆಯಬೇಕಾದದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂದು ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪಿತ್ತಿತು.

ದೆಹಲಿಯಲ್ಲೂ ಹೆಗಡೆ ಇದೇ ಆಟದ ಬೇರೆ ಬೇರೆ ರೂಪಗಳನ್ನು ಕಂಡರು. ಕರ್ನಾಟಕದಲ್ಲಿ 1983ರಲ್ಲಿ ನಡೆದಂತೆ, 1989ರಲ್ಲಿ ವಿ.ಪಿ. ಸಿಂಗ್ ಸರ್ಕಾರಕ್ಕೂ ಬಿಜೆಪಿ ಮತ್ತು ಎಡಪಕ್ಷಗಳು ಹೊರಗಿನಿಂದ ಬೆಂಬಲ ಕೊಟ್ಟಿದ್ದವು. ಹೆಗಡೆ ಯೋಜನಾ ಆಯೋಗದ ಉಪಾಧ್ಯಕ್ಷರಾದರು. ಸರ್ಕಾರ ಪತನವಾಗುವ ಮೊದಲೇ ಆ ಹುದ್ದೆ ತೊರೆದರು. ರಥಯಾತ್ರೆಯಲ್ಲಿದ್ದ ಎಲ್.ಕೆ. ಅಡ್ವಾಣಿ ಬಂಧನವಾದೊಡನೆ ಬಿಜೆಪಿ ಬೆಂಬಲ ಹಿಂಪಡೆಯಿತು. 1990ರ ನವೆಂಬರ್ 7ರಂದು ವಿಶ್ವಾಸಮತದ ಪರ 142, ವಿರುದ್ಧ 346 ಮತ ಬಿದ್ದವು.

1996ರಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾದ ಬೆನ್ನಲ್ಲೇ ಹೆಗಡೆ ಜನತಾ ದಳದಿಂದ ಉಚ್ಚಾಟಿತರಾದರು. ಒಮ್ಮೆ ಪ್ರಧಾನಿ ಪಟ್ಟಕ್ಕೆ ಅರ್ಹರೆಂದು ಹೆಸರು ಕೇಳಿಬರುತ್ತಿದ್ದ ನಾಯಕ ತಾವೇ ಕಟ್ಟಿ ಬೆಳೆಸಿದ ಪಕ್ಷದಿಂದ ಹೊರಬೀಳಬೇಕಾಯಿತು. ಮರುವರ್ಷವೇ ಕಾಂಗ್ರೆಸ್ ಬೆಂಬಲ ಹಿಂಪಡೆದು ದೇವೇಗೌಡರ ಸರ್ಕಾರವೂ ಉರುಳಿತು. ಲೋಕಶಕ್ತಿ ಪಕ್ಷ ಸ್ಥಾಪಿಸಿದ ಹೆಗಡೆ 1998ರಲ್ಲಿ ಬಿಜೆಪಿ ಮೈತ್ರಿಯೊಂದಿಗೆ ಅಟಲ್ ಬಿಹಾರಿ ವಾಜಪೇಯಿ ಸಂಪುಟದಲ್ಲಿ ವಾಣಿಜ್ಯ ಸಚಿವರಾದರು. ಅಣ್ಣಾ ಡಿಎಂಕೆ ಬೆಂಬಲ ಹಿಂಪಡೆದ ಮೇಲೆ 1999ರ ಏಪ್ರಿಲ್ 17ರಂದು ಆ ಸರ್ಕಾರ 269ಕ್ಕೆ 270ರಂತೆ, ಒಂದೇ ಮತದಿಂದ ಬಿತ್ತು. ರಾಜ್ಯಸಭಾ ಸದಸ್ಯರಾಗಿದ್ದ ಹೆಗಡೆಯವರಿಗೆ ಲೋಕಸಭೆಯ ಆ ಮತದಾನದಲ್ಲಿ ಮತ ಹಾಕುವ ಅವಕಾಶವಿರಲಿಲ್ಲ.

2004ರ ಜನವರಿ 12ರಂದು ಬೆಂಗಳೂರಿನಲ್ಲಿ ಅವರು ನಿಧನರಾದಾಗ 77 ವರ್ಷ. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ನೇತೃತ್ವದ ಮೈತ್ರಿ ಸರ್ಕಾರ 99ಕ್ಕೆ 105 ಮತಗಳಿಂದ ಪತನಗೊಂಡಾಗಲೂ ಶಾಸಕರ ವಾಸ್ತವ್ಯ, ರಾಜೀನಾಮೆ, ಸದನದ ಎಣಿಕೆ ಎಲ್ಲವೂ ಮರುಕಳಿಸಿದವು. 95 ಶಾಸಕರ ಬಲದಿಂದ ಎರಡು ವರ್ಷ ಆಳಿದ ಹೆಗಡೆಯವರನ್ನು 139 ಶಾಸಕರ ಬಲ ಕಾಪಾಡಲಿಲ್ಲ. ಸರ್ಕಾರದ ಆಯುಷ್ಯವನ್ನು ನಿರ್ಧರಿಸುವುದು ಅಂಕಿಯೊಂದೇ ಅಲ್ಲ, ಆ ಅಂಕಿಯ ಹಿಂದಿರುವವರ ನಂಬಿಕೆ ಎಂಬುದಕ್ಕೆ ದೊಡ್ಮನೆಯ ಹೆಗಡೆಯವರ ಬದುಕೇ ಸಾಕ್ಷಿ.